ತುಂಬೆಗೆ ನಾನು ಕೇಳಿಸಿದ ಹಾಡುಗಳು

ನನ್ನ ಕಿವಿಯ ಹೆಚ್ಚುಗಾರಿಕೆಯನ್ನು ನಾನೇ ಹೇಳಿಕೊಳ್ಳಬಾರದು. ಬೇರೆ ಯಾರೂ ಹೇಳದೆ ಇರುವುದರಿಂದ ಹೇಳಬೇಕಾಗಿ ಬಂದಿದೆ.

ತಾಳವಾಡಿಯ ಬಸ್ ಸ್ಟ್ಯಾಂಡಿನ ಹಿಂದೆ ಮೈಕ್ ಸೆಟ್ ಅಂಗಡಿ ಇಟ್ಟುಕೊಂಡಿರುವ ರುದ್ರಸ್ವಾಮಿ ಎಂದರೆ ನಾನೇ. ಸತ್ಯಮಂಗಲದ ಘಾಟಿಯಿಂದ ಮೇಲೆ, ಚಾಮರಾಜನಗರದ ಬಯಲಿನಿಂದ ಈಚೆಗೆ, ನಾನು ಕೇಳಿದಷ್ಟು ಹಾಡನ್ನು ಕೇಳಿದ ಇನ್ನೊಬ್ಬನಿದ್ದರೆ ಅವನಿಗೆ ನನ್ನ ಅಂಗಡಿಯನ್ನೇ ಬರೆದುಕೊಡುತ್ತೇನೆ. ಮೂರು ಲಕ್ಷ ಹಾಡು. ಮೂರು ಸಾವಿರ ಇದ್ದೀತು ಎಂದು ಕೆಲವರು ಮೂಗು ಮುರಿಯುತ್ತಾರೆ. ಅವರು ಎಣಿಸಿಲ್ಲ. ನಾನೂ ಎಣಿಸಿಲ್ಲ, ಆದರೆ ಕೇಳಿದವನು ನಾನು.

ಪುಸ್ತಕದ ಹುಳ ಅನ್ನುತ್ತಾರಲ್ಲ, ಹಾಗೆ ನಾನು ಹಾಡಿನ ಹುಳ. ಎಲ್ಲರಿಗೂ ಗೊತ್ತಿರುವ ಸಿನಿಮಾ ಹಾಡು ಗಿರಾಕಿಗಳಿಗೆ. ನನಗೆ ಬೇಕಾದ್ದು ಈ ಬೆಟ್ಟದಲ್ಲಿ ಯಾರ ಕಿವಿಗೂ ಬೀಳದ್ದು. ಮಂಗೋಲಿಯಾದ ಕಡೆ ಒಬ್ಬನೇ ಮನುಷ್ಯ ಒಂದೇ ಗಂಟಲಿನಿಂದ ಏಕಕಾಲಕ್ಕೆ ಎರಡು ದನಿ ತೆಗೆಯುತ್ತಾನೆ. ಕೆಳಗೊಂದು ಹುಲಿ ಗುರುಗುಟ್ಟಿದಂತೆ, ಮೇಲೊಂದು ಪೀಪಿ ಊದಿದಂತೆ. ನಾನೂ ತೆಗೆದು ನೋಡಿದೆ. ಎಂಟು ದಿನ ಗಂಟಲು ಕಟ್ಟಿ ಗಿರಾಕಿಗಳ ಜೊತೆ ಕೈಸನ್ನೆಯಲ್ಲೇ ವ್ಯಾಪಾರ. ಆಫ್ರಿಕಾದ ಕಾಡಿನಲ್ಲಿ ಹೆಂಗಸರು ಹೊಳೆಯಲ್ಲಿ ಸೊಂಟದವರೆಗೆ ಇಳಿದು ನೀರನ್ನೇ ತಮಟೆ ಮಾಡಿ ಬಾರಿಸುತ್ತಾರೆ. ಅದನ್ನು ಕೇಳಿದ ದಿನ ನಾನು ನಮ್ಮ ಮನೆಯ ನೀರಿನ ತೊಟ್ಟಿಯಲ್ಲಿ ಬಾರಿಸಿದೆ. ಆವತ್ತಿನಿಂದ ತೊಟ್ಟಿ ತುಂಬಿಸುವ ಕೆಲಸ ನನ್ನದೇ.

ಹುಡುಕಿ ತೆಗೆಯುವುದರಲ್ಲಿ ಅರ್ಧ ಸುಖವಷ್ಟೇ. ಇನ್ನರ್ಧ ಇನ್ನೊಬ್ಬರ ಕಿವಿಗೆ ಹಾಕುವುದರಲ್ಲಿದೆ. ಆ ಅರ್ಧ ನನಗೆ ಯಾವತ್ತೂ ಪೂರ್ತಿ ಸಿಕ್ಕಿರಲಿಲ್ಲ. 'ಬೆಟ್ಟದ ಕಿವಿಗಳು' ಅಂತ ವಾಟ್ಸಾಪ್ ಗುಂಪು ಕಟ್ಟಿ ನಲವತ್ತೆರಡು ಜನರನ್ನು ಸೇರಿಸಿದೆ. ಒಂದೇ ತಿಂಗಳಲ್ಲಿ ಮೂವರು ಉಳಿದೆವು: ನಾನು, ನನ್ನ ಇನ್ನೊಂದು ನಂಬರು, ಮತ್ತು ಗುಂಪಿನಿಂದ ಹೊರಗೆ ಹೋಗುವುದು ಹೇಗೆಂದು ಗೊತ್ತಿಲ್ಲದ ನಮ್ಮ ಭಾವ ಮಾದಪ್ಪ. ಒಂದು ನಾಮಕರಣದಲ್ಲಿ ದೇವರ ಹಾಡುಗಳ ಮಧ್ಯೆ ಎರಡು ದನಿಯ ಮನುಷ್ಯನನ್ನು ಮೆಲ್ಲಗೆ ತೂರಿಸಿದೆ. ತೊಟ್ಟಿಲ ಮಗು ಅಳು ನಿಲ್ಲಿಸಿ ನಕ್ಕಿತು, ಇದು ಸತ್ಯ. ಅದರ ಅಜ್ಜಿ ಅಳಲು ಶುರುಮಾಡಿದ್ದೂ ಸತ್ಯ.

ಎಲ್ಲರಿಗಿಂತ ಗಟ್ಟಿ ಗೋಡೆ ನನ್ನ ಅಕ್ಕ ಮಂಗಳಗೌರಿ. ದೊಡ್ಡಗಾಜನೂರಿನ ಮಾದಪ್ಪನವರಿಗೆ ಕೊಟ್ಟಿದ್ದೇವೆ. ನಾನು ಫೋನ್ ಹೊರಗೆ ತೆಗೆಯುವುದು ಕಂಡರೆ ಸಾಕು, "ಲೋ ರುದ್ರ, ನಿನ್ ಆಡು ಕೇಳೋ ಬದ್ಲು ಮಿಕ್ಸಿ ಆಕೊಂಡು ಕೂತ್ಕತೀನಿ. ಚಟ್ನಿನಾರ ಆಯ್ತದೆ" ಅನ್ನುತ್ತಾಳೆ.

ಹೋದ ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಎಂಟು ಗಂಟೆಗೆ ಅಕ್ಕನ ಫೋನು ಬಂತು.

"ಲೋ, ತುಂಬೆ ಕರ ಆಕ್ತು."

"ಒಳ್ಳೇದಾಯ್ತಲ್ಲಕ್ಕ!"

"ಏನೊಳ್ಳೇದು? ಕರಾನ ಅತ್ರಕ್ಕೇ ಬುಡ್ತಿಲ್ಲ ಕಣ್ಲಾ, ಒದೀತದೆ. ನಿಮ್ಮ ಬಾವ ದನದ ಡಾಕ್ಟ್ರಿಗೆ ಫೋನ್ ಮಾಡುದ್ರು. ತಾಳಮಲೆ ಕಡೆ ಓಗವ್ರಂತೆ, ಬರದು ಸಾಯಂಕಾಲ ಆಯ್ತದಂತೆ. ಅಷ್ಟೊತ್ಗೆ ಗಿಣ್ಣಾಲು ಒಟ್ಟೆಗೆ ಬೀಳ್ನಿಲ್ಲ ಅಂದ್ರೆ ಕರ ಉಳಿಯಲ್ಲ ಅಂದ್ರಂತೆ. ನೀ ಬಾ."

ಹಿಂದಿನ ದಿನದ ಗೃಹಪ್ರವೇಶದ ಮೈಕ್ ಸಾಮಾನು ಗೂಡ್ಸ್ ಆಟೋದಲ್ಲೇ ಇತ್ತು. ಇಳಿಸಲು ಹೊತ್ತಿಲ್ಲ. ಹಾಗೇ ಹೊರಟೆ. ಇಪ್ಪತ್ತು ನಿಮಿಷದ ದಾರಿಯನ್ನು ನಾಲ್ಕೇ ನಿಮಿಷದಲ್ಲಿ ಮುಗಿಸಿದೆ. ದಾರಿಯಲ್ಲಿದ್ದ ನವಿಲುಗಳನ್ನು ಬೇಕಾದರೆ ಕೇಳಿ.

ತುಂಬೆ ಅಂದರೆ ಅಕ್ಕನ ಕಡಸು. ತುಂಬೆ ಹೂವಿನಂತೆಯೇ ಬಿಳುಪು. ಅದು ಹದಿನೈದು ದಿನದ ಕರುವಾಗಿದ್ದಾಗ ತಾಯಿ ಸತ್ತಿತ್ತು. ಅಕ್ಕನೇ ಬಾಟಲಿಯಲ್ಲಿ ಹಾಲು ಕೊಟ್ಟು, ಚಳಿಗಾಲದಲ್ಲಿ ತನ್ನ ಹಳೇ ಕಂಬಳಿ ಹೊದಿಸಿ, ಅಡುಗೆಮನೆಯ ಬಾಗಿಲಲ್ಲೇ ಸಾಕಿದ್ದಳು. ಈಗ ಅದಕ್ಕೆ ಚೊಚ್ಚಲ ಹೆರಿಗೆ.

ನಾನು ಹೋಗುವಾಗ ಕೊಟ್ಟಿಗೆಯಲ್ಲಿ ಅಕ್ಕನ ಜೊತೆ ಸಣ್ಣಮ್ಮ ಇದ್ದಳು. ಅಕ್ಕನ ಹೊಲದ ಕೆಲಸಕ್ಕೆ ಬರುವವಳು. ದನದ ವಿಷಯದಲ್ಲಿ ಆ ಊರಿನಲ್ಲಿ ಅವಳ ಮಾತು ಮೀರುವವರಿಲ್ಲ. ತುಂಬೆ ಗೂಟಕ್ಕೆ ಕಟ್ಟಿಸಿಕೊಂಡು ಕಣ್ಣು ಬಿಳಿ ಮಾಡಿ ನಿಂತಿತ್ತು. ಕರು ಗೋಡೆಯ ಮೂಲೆಯಲ್ಲಿ ಗೋಣಿಚೀಲದ ಮೇಲೆ ಬಿದ್ದಿತ್ತು.

"ತೌಡು ಉಪ್ಪು ಕಲ್ಸಿ ಕರದ್ ಮೈಗೆ ಸವ್ರುದ್ರೆ ನೆಕ್ತದೆ ಅಂತ ಸವ್ರುದೊ ಅಣ್ಣ," ಅಂದಳು ಸಣ್ಣಮ್ಮ. "ತೌಡೆಲ್ಲ ನೆಕ್ ಮುಗ್ಸಿ, ಉಂಡ್ ತಟ್ಟೆ ನೂಕ್ದಂಗೆ ಕರಾನ ನೂಕ್ಬುಡ್ತು."

"ಕಾಲು ಕಟ್ಟಿ ಕುಡಿಸಬೇಕಾಗಿತ್ತು."

"ಕಟ್ಟುದೊ. ಸೊರ ಬುಡ್ನಿಲ್ಲ. ಆಲ್ನೆಲ್ಲ ಮೇಲಕ್ಕೆ ಎಳ್ಕೊಂಡು ನಿಂತದೆ. ಈ ಕರ ಚೀಪಿ ಚೀಪಿ ಸಾಕಾಗಿ ಮಲೀಕತ್ತು."

ಹಸು ಮನಸ್ಸು ಬಿಚ್ಚಿ ಕೆಚ್ಚಲಿಗೆ ಹಾಲಿಳಿಸಿದರೇ ಹಾಲು. ಅದನ್ನೇ ಸೊರ ಬಿಡುವುದು ಅನ್ನುವುದು. ಹಗ್ಗ ಹಾಕಿ ಕಾಲು ಹಿಡಿಯಬಹುದು, ಹಾಲನ್ನು ಹಗ್ಗ ಹಾಕಿ ಇಳಿಸಲಾಗದು.

ಅಕ್ಕ ಗೋಡೆಗೊರಗಿ ಕುಳಿತಿದ್ದಳು. ನನ್ನನ್ನು ಬೈಯಲಿಲ್ಲ. ಅದರಿಂದಲೇ ನನಗೆ ಹೆದರಿಕೆಯಾಯಿತು.

"ನಾನೇ ಕೆಡ್ಸುದ್ದು ಕಣ್ಲಾ," ಅಂದಳು. "ಬಾಟ್ಲೀಲಿ ಬೆಳುಸ್ದೆ. ತಾಯಿ ಅಂದ್ರೆ ಏನು ಅಂತ್ಲೇ ಅದ್ಕೆ ಗೊತ್ತಿಲ್ಲ. ಎಲ್ಲಿಂದ ಕಲ್ತಾತು?"

ನಾನು ಎಲ್ಲದಕ್ಕೂ ನಾಲ್ಕು ಸೇರಿಸಿ ಹೇಳುವವನು. ನನಗೇ ಗೊತ್ತು. ಆದರೆ ಆ ಕರುವಿನ ವಿಷಯಕ್ಕೆ ಒಂದನ್ನೂ ಸೇರಿಸಿಲ್ಲ. ಬಗ್ಗಿ ಕಿವಿ ಮುಟ್ಟಿದೆ. ತಣ್ಣಗಿತ್ತು. ಬಾಯಿಗೆ ಬೆರಳಿಟ್ಟೆ. ಎರಡು ಸಲ ಚೀಪಿ ಸುಮ್ಮನಾಯಿತು.

ಆಗ ನನಗೆ ಹೊಳೆಯಿತು. ಇಡೀ ಈರೋಡು ಜಿಲ್ಲೆಯಲ್ಲಿ, ಯಾಕೆ, ಇಡೀ ತಮಿಳುನಾಡಿನಲ್ಲಿ ಇಂಥ ಹೊತ್ತಿಗೆ ಬೇಕಾದ ವಸ್ತು ಇರುವುದು ನನ್ನೊಬ್ಬನ ಹತ್ತಿರ. ಸ್ಕಾಟ್ಲೆಂಡಿನ ಕಡಲಿನ ದ್ವೀಪಗಳಲ್ಲಿ ಹಾಲು ಕರೆಯುವ ಹೆಂಗಸರು ಹಸುವಿಗೆಂದೇ ಹಾಡು ಕಟ್ಟಿದ್ದರಂತೆ. ಹಾಡು ಕೇಳಿ ರೂಢಿಯಾದ ಹಸು ಹಾಡಿಲ್ಲದೆ ಹಾಲಿಳಿಸುತ್ತಿರಲಿಲ್ಲವಂತೆ. ಅಂಥದೊಂದು ಹಳೇ ರೆಕಾರ್ಡಿಂಗನ್ನು ನಾನು ಆರು ತಿಂಗಳ ಹಿಂದೆ ಪತ್ತೆ ಮಾಡಿದ್ದೆ.

"ಅಕ್ಕ, ಇದಕ್ಕೊಂದು ಹಾಡು ಇದೆ."

"ಕರ ಸಾಯ್ತಾ ಬಿದ್ದದೆ, ಇವ್ನು ಆಡು ಅಂತಾನಲ್ಲೋ ಶಿವನೆ!"

"ಆಕ್ಲಿ ಬುಡಿ ಗೌರವ್ವ," ಅಂದಳು ಸಣ್ಣಮ್ಮ. "ಒದ್ರೂ ಅವ್ರುನ್ನೇ ಒದೀತದೆ. ನಮ್ಗೇನು."

ಫೋನನ್ನು ತುಂಬೆಯ ಕಿವಿಯ ಹತ್ತಿರ ಹಿಡಿದೆ. ಮುದುಕಿಯೊಬ್ಬಳ ಒಡಕು ದನಿ. ಮೂರೇ ಸ್ವರ, ಅತ್ತ ಇತ್ತ ತೂಗುತ್ತವೆ, ಹಾಲು ಕರೆಯುವ ಕೈಯ ಲಯಕ್ಕೆ ಸರಿಯಾಗಿ. ತುಂಬೆಯ ಎಡಗಿವಿ ತಿರುಗಿತು. ಬೀಸುತ್ತಿದ್ದ ಬಾಲ ನಿಂತಿತು. ಎತ್ತಿದ್ದ ಹಿಂಗಾಲು ನೆಲಕ್ಕೆ ಬಂತು. ಸಣ್ಣಮ್ಮ ಸದ್ದಿಲ್ಲದೆ ಕರುವನ್ನು ಎತ್ತಿ ಹತ್ತಿರ ತಂದಳು. ತುಂಬೆ ಮೂಗು ಚಾಚಿತು. ಅಕ್ಕ ಗೋಡೆ ಬಿಟ್ಟು ಎದ್ದು ನಿಂತಳು.

ಅಷ್ಟರಲ್ಲಿ ಹಾಡು ಮುಗಿದು, ಅದರ ಬೆನ್ನಿಗೇ ತಲೆಗೆ ಹಚ್ಚುವ ಎಣ್ಣೆಯ ಜಾಹೀರಾತೊಂದು ತಮಿಳಿನಲ್ಲಿ ಕಿರುಚಿತು. ತುಂಬೆ ತಲೆ ಜಾಡಿಸಿದ ಹೊಡೆತಕ್ಕೆ ಫೋನು ಗಂಜಲದ ಕಾಲುವೆಗೆ ಬಿತ್ತು. ಸಣ್ಣಮ್ಮ ಕರುವನ್ನು ಮತ್ತೆ ಮೂಲೆಗೆ ಒಯ್ದಳು.

ಬುದ್ಧಿವಂತನಾಗಿದ್ದರೆ ಫೋನು ಒರೆಸಿ ಅದೇ ಹಾಡನ್ನು ಮತ್ತೆ ಹಾಕುತ್ತಿದ್ದ. ನಾನು ಅತಿ ಬುದ್ಧಿವಂತ. ಕಡಲೆಕಾಳಿನಷ್ಟು ಸ್ಪೀಕರಿಗೇ ಇಷ್ಟು ಕೆಲಸವಾದರೆ, ನನ್ನ ಹಾರ್ನ್ ಎಷ್ಟು ಮಾಡಲಿಕ್ಕಿಲ್ಲ? ಅದು ಸಾಮಾನ್ಯ ಹಾರ್ನ್ ಅಲ್ಲ. ತಾಳವಾಡಿಯಲ್ಲಿ 'ಹಲೋ ಮೈಕ್ ಟೆಸ್ಟಿಂಗ್' ಅಂದರೆ ಹಾಸನೂರಿನಲ್ಲಿ ಟೀ ಕುಡಿಯುವವರು ಲೋಟ ಕೆಳಗಿಡುತ್ತಾರೆ.

ಹಾಡನ್ನೂ ಬದಲಾಯಿಸಿದೆ. ಇನ್ನೂ ಜೋರಿನದು ಬೇಕೆನಿಸಿತು. ಸ್ವೀಡನ್ನಿನ ಬೆಟ್ಟಗಳಲ್ಲಿ ದೂರ ಮೇಯಲು ಹೋದ ದನಗಳನ್ನು ಹೆಂಗಸರು ಕೂಗಿ ಕರೆಯುವುದುಂಟು. ಮಾತಿಲ್ಲ, ಬರೀ ದನಿ. ಆಕಾಶಕ್ಕೆ ಏರುತ್ತದೆ, ತಿರುಚುತ್ತದೆ, ಕಣಿವೆ ದಾಟಿ ಹೋಗುತ್ತದೆ. ನನ್ನ ಸಂಗ್ರಹದ ಕಳಶ ಅದು. ಯಾರಿಗೂ ಏನನ್ನೂ ವಿವರಿಸುವ ಗೋಜಿಗೆ ಹೋಗಲಿಲ್ಲ.

ಭಾವ ಮಾದಪ್ಪನವರು ಒಳ್ಳೆಯವರು, ಮಾತು ಕಡಿಮೆ. ಹಿತ್ತಲ ಹಲಸಿನ ಮರಕ್ಕೆ ಹಾರ್ನ್ ಕಟ್ಟಲು ಏಣಿ ಹಿಡಿದುಕೊಂಡರು. "ಬ್ಯಾಡ್ವೇನೋ ಅನ್ಸ್ತದೆ ರುದ್ರಪ್ಪ" ಅಂತ ಒಂದು ಸಲ ಅಂದರು. ನಾನು ಕೇಳಿಸಿಕೊಳ್ಳಲಿಲ್ಲ. ಇಷ್ಟು ದೊಡ್ಡ ಕಿವಿ ಇರುವವನಿಗೆ ಸಣ್ಣ ಮಾತು ಕೇಳಿಸುವುದಿಲ್ಲ.

ಹಾಕಿದೆ.

ಆ ಹೆಂಗಸಿನ ದನಿ ದೊಡ್ಡಗಾಜನೂರಿನ ಕೋಸಿನ ಹೊಲಗಳ ಮೇಲೆ, ಚೆಂಡು ಹೂವಿನ ತೋಟಗಳ ಮೇಲೆ, ಕಾಡಂಚಿನವರೆಗೆ ಹೋಯಿತು. ನನಗೆ ರೋಮಾಂಚನ. ಕಣ್ಣು ಮುಚ್ಚಿಕೊಂಡೆ.

ಇಲ್ಲಿ ನಮ್ಮ ಕಡೆಯ ಒಂದು ಕಟ್ಟಳೆ ಹೇಳಬೇಕು. ಆನೆ ಹೊಲಕ್ಕೆ ಇಳಿದರೆ ಮೊದಲು ಕಂಡವನು ಗಂಟಲು ಹರಿಯುವಂತೆ ಉದ್ದಕ್ಕೆ ಕೂಗು ಹಾಕಬೇಕು. ಆ ಕೂಗನ್ನು ಕೇಳಿದವನು ಎಲ್ಲಿ, ಯಾರು, ಎಷ್ಟು ಅಂತ ಕೇಳುತ್ತಾ ಕೂರುವಂತಿಲ್ಲ. ತಾನೂ ಕೂಗಿ ಮುಂದಿನ ಹೊಲಕ್ಕೆ ದಾಟಿಸಿ, ಕೈಗೆ ಸಿಕ್ಕ ಡಬ್ಬ ತಟ್ಟೆ ಬಡಿಯುತ್ತಾ ಕೂಗು ಬಂದ ಕಡೆಗೆ ಓಡಬೇಕು. ಈ ಕಟ್ಟಳೆ ಊರಿನ ಬೆಳೆ ಉಳಿಸಿದೆ, ಜನರನ್ನೂ ಉಳಿಸಿದೆ. ಅದನ್ನು ನಾನು ಮರೆತಿದ್ದೆ. ಅದೂ ಹಾಡಹಗಲಿನಲ್ಲಿ ಕೂಗು ಅಂದರೆ ಆನೆ ಊರೊಳಕ್ಕೇ ನುಗ್ಗಿದೆ ಅಂತಲೇ ಲೆಕ್ಕ.

ಕಣ್ಣು ಬಿಟ್ಟಾಗ ಸುತ್ತ ನಾಲ್ಕು ದಿಕ್ಕಿನಿಂದಲೂ ಕೂಗು. ಮೊದಲು ಓಡಿ ಬಂದವನು ಪಕ್ಕದ ಕೋಸಿನ ಹೊಲ ಕಾಯುವ ಚಿಕ್ಕಮಾದ. ಎಣ್ಣೆ ಡಬ್ಬವನ್ನು ಕೋಲಿನಿಂದ ಬಡಿಯುತ್ತಿದ್ದ. ಅವನ ಹಿಂದೆ ಹೂ ಬಿಡಿಸುತ್ತಿದ್ದ ಹೆಂಗಸರು, ಬಿಂದಿಗೆ ಬಡಿಯುತ್ತಾ. ಅವರ ಹಿಂದೆ ಇಡೀ ಕೇರಿ. ಮೊದಲ ಹೊಲದಲ್ಲಿ ಒಂದಿದ್ದ ಆನೆ ಕೆರೆ ಏರಿಗೆ ಬರುವಾಗ ಮೂರಾಗಿತ್ತು, ಬಸ್ ನಿಲ್ಲುವ ಕಡೆಗೆ ಬರುವಾಗ ಏಳಾಗಿ ಜೊತೆಗೊಂದು ಮರಿಯೂ ಸೇರಿತ್ತು. ನನ್ನನ್ನು ಸುಳ್ಳುಗಾರ ಅನ್ನುವ ಊರು ಇದು. ಬೈಕಿನಲ್ಲಿ ಬಂದ ಫಾರೆಸ್ಟ್ ವಾಚರೊಬ್ಬ, "ಯಾನೈ ಎಂಗೆಪ್ಪಾ? ಯಾನೈ ಎಂಗೆ?" ಅಂತ ತಮಿಳಿನಲ್ಲಿ ಆನೆಯ ಜಾಗ ಕೇಳಿ ಅರಚುತ್ತಿದ್ದ.

ಎಲ್ಲರೂ ಬಡಿಯುತ್ತಾ ಹಿತ್ತಲಿಗೆ, ಅಲ್ಲಿಂದ ಕೊಟ್ಟಿಗೆಯ ಹಿಂಬಾಗಿಲಿಗೆ ನುಗ್ಗಿದರು. ಕೊಟ್ಟಿಗೆಯಲ್ಲಿ ತುಂಬೆ ಒಂದೇ ಜಗ್ಗಿಗೆ ಹಗ್ಗ ಕಿತ್ತುಕೊಂಡಿತು.

"ತುಂಬೇ!" ಅಂತ ಅಕ್ಕ ಕೂಗಿದಳು. "ಓಯ್ತು ಕಣ್ಲಾ, ಎಲ್ಲಾ ಓಯ್ತು! ನಿನ್ ಆಡು ಮನೆ ಆಳಾಗ!"

ನಾನು ಓಡಿ ಹೋಗಿ ಆಂಪ್ಲಿಫೈಯರಿನ ವೈರು ಕಿತ್ತೆ. ನನ್ನ ಜೀವಮಾನದಲ್ಲಿ ಒಂದು ಹಾಡನ್ನು ನಡುವೆ ನಿಲ್ಲಿಸಿದ್ದು ಅದೇ ಮೊದಲು. ಆ ಕರು ಸತ್ತರೆ ಅಕ್ಕ ನನಗೆ ಅನ್ನ ಹಾಕುತ್ತಾಳೆ, ಮಾತೂ ಆಡುತ್ತಾಳೆ. ಆದರೆ ಸಾಯುವ ತನಕ ಆ ಕೊಟ್ಟಿಗೆಯ ಕಡೆ ನನ್ನ ಜೊತೆ ಬರುವುದಿಲ್ಲ ಅಂತ ಗೊತ್ತಿತ್ತು.

ತುಂಬೆ ಮುಂಬಾಗಿಲ ಕಡೆಗೆ ಎರಡು ಹೆಜ್ಜೆ ಹಾಕಿತ್ತು. ಹೊರಗೆ ಬಯಲು, ಯಾವ ಅಡ್ಡಿಯೂ ಇಲ್ಲ. ಆಗ ಮೂಲೆಯ ಕರು ಡಬ್ಬದ ಸದ್ದಿಗೆ ಬೆಚ್ಚಿ ಬಾಯಿ ಬಿಟ್ಟಿತು. ಹುಟ್ಟಿದ ಮೇಲೆ ಅದು ಕೂಗಿದ್ದು ಅದೇ ಮೊದಲು. ತೆಳ್ಳನೆಯ ದನಿ, ಅರ್ಧಕ್ಕೇ ಮುರಿಯಿತು.

ತುಂಬೆ ನಿಂತಿತು. ತಿರುಗಿತು. ಒಂದೇ ನೆಗೆತಕ್ಕೆ ಮೂಲೆಗೆ ಹೋಗಿ, ಕರುವನ್ನು ನಾಲ್ಕು ಕಾಲಿನ ನಡುವೆ ಹಾಕಿಕೊಂಡು, ತಲೆ ತಗ್ಗಿಸಿ ಕೊಂಬನ್ನು ಜನರ ಕಡೆ ನೀಡಿತು. ಮೂಗಿನಿಂದ ಬುಸ್ ಅಂತ ಗಾಳಿ ಬಿಟ್ಟಿತು. ಮುಂದಿದ್ದ ಚಿಕ್ಕಮಾದ ಡಬ್ಬ ಬಿಟ್ಟು ಹಿಂದಕ್ಕೆ ನೆಗೆದ.

"ಯಾರೂ ಅಲ್ಲಾಡ್ಬ್ಯಾಡಿ!" ಅಂದಳು ಸಣ್ಣಮ್ಮ. "ಡಬ್ಬ ನಿಲ್ಸಿ! ಉಸ್ರೂ ಬುಡ್ಬ್ಯಾಡಿ!"

ನಾಲ್ಕು ಸಾವಿರ ಜನ ಎತ್ತಿದ ಕೈ ಎತ್ತಿದಂತೆಯೇ ನಿಂತರು. ಸರಿ, ನಲವತ್ತು ಜನ.

ತುಂಬೆ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿತು. ಆಮೇಲೆ ಮೆಲ್ಲಗೆ ಮೂಗು ಕೆಳಗಿಳಿಸಿ ಕರುವಿನ ನೆತ್ತಿ ಮೂಸಿತು. ಗಂಟಲಿನೊಳಗೆ ಒಂದು ಸದ್ದು ಮಾಡಿತು, ಹ್ಞೂಂ ಅಂತ, ಬಾಯಿ ಮುಚ್ಚಿಕೊಂಡೇ. ಅಂಥ ತಗ್ಗಿನ ಸ್ವರ ನನ್ನ ಸಂಗ್ರಹದಲ್ಲಿ ಎಲ್ಲೂ ಇಲ್ಲ. ಆಮೇಲೆ ನಾಲಗೆ ಹೊರಗೆ ಬಂತು. ಕಿವಿ ನೆಕ್ಕಿತು, ಕುತ್ತಿಗೆ ನೆಕ್ಕಿತು, ಬೆನ್ನು ನೆಕ್ಕಿತು. ಕರು ಎದ್ದಿತು, ಬಿದ್ದಿತು, ಎದ್ದಿತು. ಮೊದಲು ಮುಂಗಾಲಿನ ಹತ್ತಿರ ಹುಡುಕಿತು. ಹೊಟ್ಟೆಯ ಹತ್ತಿರ ಹುಡುಕಿತು. ಹೂ ಬಿಡಿಸುವ ಹೆಂಗಸೊಬ್ಬಳು "ಇನ್ನೂ ಇಂದಕ್ಕೆ ಓಗು, ಇಂದಕ್ಕೆ" ಅಂತ ಪಿಸುಗುಟ್ಟಿದಳು. ಕೊನೆಗೆ ಸಿಕ್ಕಿತು. ಒಂದು ಗುದ್ದು ಗುದ್ದಿತು. ಬಾಯಿಯ ಅಂಚಿನಲ್ಲಿ ಹಳದಿ ನೊರೆ ಕಂಡಿತು. ಬಾಲ ಅಲ್ಲಾಡತೊಡಗಿತು.

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನೋಡಿದ್ರಾ?" ಅಂದೆ ನಾನು, ಮೊದಲಿಗೆ ಮಾತು ಬಂದವನು ನಾನೇ. "ಸ್ವೀಡನ್ನಿನ ಹಾಡು! ಎರಡು ನಿಮಿಷಕ್ಕೆ ಸೊರ ಬಿಡಿಸಿಬಿಟ್ಟಿತು!"

"ಸುಮ್ಕಿರಿ ಅಣ್ಣೋ," ಅಂದಳು ಸಣ್ಣಮ್ಮ. "ನಿಮ್ ಆಡಲ್ಲ, ನಮ್ ಡಬ್ಬ. ನಮ್ಮವ್ವ ಇಂಗೆ ಆದಾಗ ಕರದ್ ಮುಂದ್ಕೆ ನಾಯಿ ಬುಡೋಳು. ಕುತ್ತು ಮೈಮೇಲ್ ಬಂದ್ರೇನೇ ಯಾರ್ ಮಗ ಅಂತ ನೆಪ್ಪಾಗದು."

"ಡಬ್ಬ ಬರಲು ಕಾರಣ ಯಾರು?"

ಅವಳು ಕಿತ್ತ ಹಗ್ಗ ಎತ್ತಿಕೊಂಡು ಗಂಟು ಹಾಕತೊಡಗಿದಳು. ಈ ಸುತ್ತು ನನ್ನದೇ ಅಂತ ಇವತ್ತಿಗೂ ನಾನು ಬರೆದಿಟ್ಟುಕೊಂಡಿದ್ದೇನೆ.

ಅಷ್ಟರಲ್ಲಿ ಚಿಕ್ಕಮಾದ ಬಿದ್ದ ಡಬ್ಬ ಎತ್ತಿಕೊಂಡು ಕೇಳಿದ, "ಅದೆಲ್ಲ ಸರಿ, ಆನೆ ಎಲ್ಲಿ?"

ಹಲಸಿನ ಮರದ ಹಾರ್ನ್ ಕಡೆ ಬೆರಳು ತೋರಿಸಿದೆ. ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವರು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಹೆಂಗಸರು ಓದುತ್ತಾರೆ, ಅದರಲ್ಲಿ ಅರ್ಧ ಹೆಂಗಸರೇ ಆಡಿದ್ದು. ಫಾರೆಸ್ಟ್ ವಾಚರು ಆನೆಯಿಲ್ಲವೆಂದು ಫೋನಿನಲ್ಲಿ ತಿಳಿಸಿ, ನನ್ನನ್ನು ತಲೆಯಿಂದ ಕಾಲಿನವರೆಗೆ ಒಂದು ಸಲ ನೋಡಿ, ಭಾವ ಕೊಟ್ಟ ಟೀ ತೆಗೆದುಕೊಂಡ. ಇನ್ನು ಮೇಲೆ ಹೊಲದ ಕಡೆ ಹಾರ್ನ್ ತಿರುಗಿಸುವುದಿಲ್ಲ ಅಂತ ನಾನು ಎಲ್ಲರೆದುರು ಕಿವಿ ಹಿಡಿದು ಹೇಳಿದೆ.

ಟೀ ಮುಗಿಯುವ ಹೊತ್ತಿಗೆ ಚಿಕ್ಕಮಾದನೇ ಅಂದ, "ಅದೇನಣ್ಣ ಆ ಕೂಗು? ನಾನು ಇಪ್ಪತ್ತೊರ್ಸದಿಂದ ಕೂಗಾಕ್ತೀನಿ, ಅಷ್ಟುದ್ದ ನಂಗೆ ದಮ್ಮೇ ಬರಲ್ಲ. ಇನ್ನೊಂದ್ ಸತಿ ಆಕಿ. ಸಣ್ಣುಕ್ ಆಕಿ."

ನನ್ನ ಕಿವಿಯನ್ನೇ ನನಗೆ ನಂಬಲಾಗಲಿಲ್ಲ. ಒರೆಸಿದ ಫೋನನ್ನು ಜಗುಲಿಯ ಮೇಲಿಟ್ಟೆ. ನಲವತ್ತು ಜನ ಬಗ್ಗಿದರು. ಆ ಸಣ್ಣ ಸದ್ದಿನಲ್ಲಿ ಅದು ಬೇರೆಯೇ ಹಾಡಾಗಿತ್ತು. ಏರುತ್ತಿತ್ತು, ನಿಲ್ಲುತ್ತಿತ್ತು. ಒಂದಿಷ್ಟು ಹೊತ್ತು ಏನೂ ಇಲ್ಲ. ಮತ್ತೆ ಏರುತ್ತಿತ್ತು.

ಸಣ್ಣಮ್ಮ ತಲೆ ಎತ್ತಿದಳು. "ದನ ಕರೀತಾವ್ಳೆ ಪಾಪ," ಅಂದಳು. "ಎಲ್ಲಾ ಬಂದವೆ. ಒಂದು ಮಾತ್ರ ಇನ್ನೂ ಬಂದಿಲ್ಲ. ಅದ್ಕೇ ಅಲ್ಲಲ್ಲಿ ನಿಲ್ಸಿ, ಗಂಟೆ ಸದ್ದು ಕೇಳ್ತದಾ ಅಂತ ನೋಡ್ತಾವ್ಳೆ."

ಅದು ದನ ಕರೆಯುವ ಹಾಡೆಂದು ನಾನು ಯಾರಿಗೂ ಹೇಳಿರಲಿಲ್ಲ. ಅದನ್ನು ನಾನು ಸಾವಿರ ಸಲ ಕೇಳಿದ್ದೆ. ಏರುವ ದನಿಯನ್ನೇ ಕೇಳಿದ್ದೆ. ನಡುವಿನ ಮೌನದಲ್ಲಿ ಒಬ್ಬಳು ಕಿವಿಗೊಟ್ಟು ನಿಂತಿದ್ದಾಳೆ ಅನ್ನುವುದು ನನಗೆ ಒಂದು ಸಲವೂ ಕೇಳಿಸಿರಲಿಲ್ಲ. "ಅದು ನನಗೆ ಗೊತ್ತಿತ್ತು" ಅಂದೆ. ಯಾರೂ ನಂಬಲಿಲ್ಲ. ಬಿಡಿ.

ಸಾಯಂಕಾಲ ಡಾಕ್ಟರು ಬಂದು ತಾಯಿ ಕರು ಎರಡನ್ನೂ ಮುಟ್ಟಿ ನೋಡಿ, ಹೆದರುವಂಥದ್ದೇನಿಲ್ಲ ಅಂದು ಹೋದರು. ಆಮೇಲೆ ಅಕ್ಕ ಚೊಂಬು ಹಿಡಿದು ತುಂಬೆಯ ಪಕ್ಕ ಕುಕ್ಕರಗಾಲಲ್ಲಿ ಕುಳಿತಳು. ಹಿಂಗಾಲಿಗೆ ಹಗ್ಗ ಹಾಕಲಿಲ್ಲ. ಕರು ಆ ಕಡೆಯಿಂದ, ಅಕ್ಕ ಈ ಕಡೆಯಿಂದ.

"ಯಾರೂ ಏಳ್ಕೊಡ್ನಿಲ್ಲ ಕಣ್ಲಾ ಅದ್ಕೆ," ಅಂದಳು, ನನ್ನ ಕಡೆ ನೋಡದೆ. "ತಾನೇ ಕಲ್ತ್ಕತ್ತು."

"ಹ್ಞೂಂ ಅಕ್ಕ."

ಅಕ್ಕ ಇನ್ನೊಂದು ಮೊಲೆಗೆ ಕೈ ಹಾಕಿದಳು.

"ಆ ಮುದ್ಕಮ್ಮುನ್ದು ಆಕು, ಒತ್ತಾರೆ ಆಕ್ದಲ್ಲ."

ಹಾಕಿದೆ. ಈ ಸಲ ಜಾಹೀರಾತಿಲ್ಲದಂತೆ ಮೊದಲೇ ಫೋನಿಗೆ ಇಳಿಸಿಟ್ಟುಕೊಂಡಿದ್ದೆ. ಅಕ್ಕನ ಕೈ ಹಾಡಿನ ಲಯಕ್ಕೆ ತಾನಾಗಿ ಹೊಂದಿಕೊಂಡಿತು. ಅವಳಿಗೆ ಅದು ಗೊತ್ತಾಗಲಿಲ್ಲ, ನಾನೂ ಹೇಳಲಿಲ್ಲ. ಹಾಡು ಮುಗಿಯಿತು. ನಾನು ಫೋನು ಜೇಬಿಗೆ ಇಡಲು ಹೋದೆ.

"ಯಾಕ್ಲಾ ಎತ್ತಿಕ್ತೀಯ?" ಅಂದಳು ಅಕ್ಕ. "ಇನ್ನೊಂದಾಕು. ಕರ ಇನ್ನೂ ಕುಡೀತಾದೆ."